ಸೊಪ್ಪು ಜಾಸ್ತಿ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ‘ಒಂದು ಗಂಟೆಯಮ್ಮ’ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತಳಾಗಿ, ಈಗ ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ಬಸ್ಸಿನ ಗೇರು ಕಿರುಗುಟ್ಟಿದರೆ ‘ಕೊಂದ ನೋಡು ಕ್ಲಚ್ಚನ್ನ’ ಎಂದು ಬೈಯುವ ವಯಸ್ಸು ಬಂದರೂ ಆ ಹೆಸರು ಬಿಟ್ಟಿಲ್ಲ. ಕಾರಣ ಇಷ್ಟೇ. ಊಟವಾದ ಮೇಲೆ ಯಾರು ಚಹಾ ಕೊಟ್ಟರೂ ಅವಳು ಗಡಿಯಾರ ನೋಡುತ್ತಾಳೆ. ‘ಒಂದು ಗಂಟೆ ಆಗ್ಲಿ’ ಎನ್ನುತ್ತಾಳೆ. ಕೊಟ್ಟವರು ಡಿಪೋ ಮ್ಯಾನೇಜರಾದರೂ ಅಷ್ಟೇ, ಮಗಳ ಅತ್ತೆಯಾದರೂ ಅಷ್ಟೇ. ಆ ಬೀಗಿತ್ತಿ ಮೊದಲ ಸಲ ಮನೆಗೆ ಕರೆದು ಊಟ ಹಾಕಿ ಚಹಾ ತಂದಿಟ್ಟಾಗ ಇವಳು ಗಡಿಯಾರ ನೋಡಿದ್ದಕ್ಕೆ, ಎದ್ದು ಹೋಗುವ ಅವಸರವೇನೋ ಎಂದುಕೊಂಡು ಆಕೆ ಮುಖ ಊದಿಸಿಕೊಂಡಿದ್ದಳು. ಆಮೇಲೆ ಇವಳು ಒಂದು ಗಂಟೆ ಕೂತು ಹರಟೆ ಹೊಡೆದಾಗ, ಯಾಕಾದರೂ ಎದ್ದು ಹೋಗುವುದಿಲ್ಲವೋ ಎಂದು ಮತ್ತೆ ಊದಿಸಿಕೊಂಡಳು.

ಈ ಹಟ ಹುಟ್ಟುಗುಣವೆಂದು ಡಿಪೋದವರು ತಿಳಿದಿದ್ದರು. ಹುಟ್ಟಿನಿಂದ ಅವಳಿಗೆ ಬಂದದ್ದು ಚಹಾ. ಅವಳು ಚಹಾ ಅಂಗಡಿಯವನ ಮಗಳು.

ಅಪ್ಪನ ಅಂಗಡಿ ಬಟ್ಟೆ ಕಾರ್ಖಾನೆಯ ಗೇಟಿನೆದುರು ಇತ್ತು. ಅಂಗಡಿ ಅಂದರೆ ಒಂದು ತಗಡಿನ ಮಾಡು, ಎರಡು ಬೆಂಚು, ಒಂದು ಒಲೆ, ತಳ ಕಪ್ಪಾದ ಎರಡು ಪಾತ್ರೆ. ಮಧ್ಯಾಹ್ನದ ಗಂಟೆ ಹೊಡೆದರೆ ಸಾಕು, ಹೊಲಿಗೆ ವಿಭಾಗದ ನೂರಾರು ಹೆಂಗಸರು ಗೇಟಿನಿಂದ ಹೊರಬಿದ್ದು, ಗೋಡೆಯ ನೆರಳಿಗೆ ಡಬ್ಬಿ ಬಿಚ್ಚಿ ಹತ್ತು ನಿಮಿಷದಲ್ಲಿ ಉಂಡು, ಕೈ ತೊಳೆದು ನೇರ ಅಪ್ಪನ ಬೆಂಚಿಗೆ ಬರುತ್ತಿದ್ದರು. ಅಪ್ಪನಿಗೆ ಓದು ಬರೆಹ ಅಷ್ಟಕ್ಕಷ್ಟೇ. ಆದರೆ ಚಹಾದ ಬಣ್ಣ ನೋಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಸೌಟಿನಲ್ಲಿ ಎತ್ತಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವನು. ಬಣ್ಣ ಒಂದು ಎಳೆ ತೆಳುವಾಗಿದ್ದರೂ ಪಾತ್ರೆಗೆ ಪಾತ್ರೆಯನ್ನೇ ಚರಂಡಿಗೆ ಸುರಿಯುವನು. ಅಮ್ಮ ಇದನ್ನು ‘ರಾಜರ ಕಾಯಿಲೆ’ ಎನ್ನುತ್ತಿದ್ದಳು.

ಸಂಜೆ ಅಂಗಡಿ ಮುಚ್ಚುವ ಮುಂಚೆ ಕೊನೆಯ ಪಾತ್ರೆಯನ್ನು ಮನೆಗೆಂದೇ ಕಾಯಿಸಿ, ಸ್ಟೀಲಿನ ಜಗ್ಗಿಗೆ ಹಾಕಿ, ಟವೆಲು ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬರುತ್ತಿದ್ದ. ಮನೆಯಲ್ಲಿ ಬೇಗ ಉಣ್ಣುವ ರೂಢಿ. ಊಟದ ತಟ್ಟೆ ಎತ್ತುವುದಕ್ಕೂ ಜಗ್ಗು ಬಿಚ್ಚುವುದಕ್ಕೂ ಸರಿಹೋಗುತ್ತಿತ್ತು. ಮೊದಲ ಲೋಟ ಮಗಳಿಗೆ. ಏಳನೆಯ ವಯಸ್ಸಿನಿಂದ ಅವಳೇ ಅವನ ರುಚಿ ನೋಡುವವಳು. ಅವಳು ಒಂದು ಗುಟುಕು ಕುಡಿದು ‘ಇವತ್ತು ಸೊಪ್ಪು ಒಂಚೂರು ಕಮ್ಮಿ’ ಎಂದರೆ ಅಪ್ಪ ತಪ್ಪು ಮಾಡಿದ ವಿದ್ಯಾರ್ಥಿಯಂತೆ ತಲೆ ಕೆರೆದುಕೊಳ್ಳುತ್ತಿದ್ದ. ಆ ಮನೆಯಲ್ಲಿ ಸೊಪ್ಪು ಅಂದರೆ ಚಹಾ ಸೊಪ್ಪು. ತಿನ್ನುವ ಸೊಪ್ಪಿಗೆ ದಂಟು, ಮೆಂತ್ಯ, ಪಾಲಕ್ ಎಂದು ಅದರದರ ಹೆಸರೇ ಇತ್ತು. ಸುಮ್ಮನೆ ಸೊಪ್ಪು ಎಂದರೆ ಡಬ್ಬದಲ್ಲಿರುವ ಕಪ್ಪು ಪುಡಿ. ಈ ಒಂದು ಮಾತು ಮುಂದೆ ಏನೇನು ಅವಾಂತರ ಮಾಡಿತು ಎನ್ನುವುದೇ ಈ ಕಥೆ.

ಆಗ ಅವಳಿಗೆ ಇಪ್ಪತ್ತೆರಡು. ಮೈಯಲ್ಲಿ ಮಾಂಸವಿಲ್ಲದ್ದರಿಂದ ಮನೆಮಂದಿಗೆಲ್ಲ ‘ಕಡ್ಡಿ’. ನಗರದ ಬಸ್ ಕಂಪನಿ ಮೊದಲ ಬಾರಿಗೆ ಹೆಂಗಸರನ್ನು ಡ್ರೈವರ್ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆಂದು ಪ್ರಕಟಿಸಿತ್ತು. ಸೋದರಮಾವನ ಲಾರಿಯಲ್ಲಿ ಕದ್ದುಮುಚ್ಚಿ ಓಡಿಸಲು ಕಲಿತಿದ್ದ ಕಡ್ಡಿ ಅರ್ಜಿ ಹಾಕಿದಳು. ಎಂಟು ಹುಡುಗಿಯರು ಆಯ್ಕೆಯಾದರು, ಎಂಟರಲ್ಲಿ ಕಡ್ಡಿ ಒಬ್ಬಳು. ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂರುವುದನ್ನು ಬಿಟ್ಟು ಬೇರೆ ಏನಾದರೂ ಅವಳ ಬಾಳಿನಲ್ಲಿ ಆಗುವುದಿದ್ದರೆ ಇದೊಂದೇ ದಾರಿ. ರಾತ್ರಿ ಹಾಸಿಗೆಯಲ್ಲಿ ಕಾಲಿನ ಹೆಬ್ಬೆರಳಿನಿಂದ ಬ್ರೇಕು ಒತ್ತುತ್ತ ನಿದ್ದೆ ಹೋಗುತ್ತಿದ್ದಳು. ಉಳಿದಿದ್ದು ವೈದ್ಯಕೀಯ ಪರೀಕ್ಷೆ ಮಾತ್ರ.

ಡಿಪೋದ ಡಾಕ್ಟರಮ್ಮ ಅವಳ ಬೆರಳಿಗೆ ಸೂಜಿ ಚುಚ್ಚಿ, ರಕ್ತವನ್ನು ಒಂದು ಪುಟ್ಟ ಗಾಜಿನ ಕೊಳವೆಗೆ ಬಿಟ್ಟಳು. ಕೊಳವೆಯಲ್ಲಿದ್ದ ಆಮ್ಲಕ್ಕೆ ಬೆರೆತ ರಕ್ತ ಕೆಂಪು ಕಳೆದು ಕಂದಾಯಿತು. ಆ ಕೊಳವೆಯ ಎರಡೂ ಬದಿಗೆ ಕಂದು ಗಾಜಿನ ತುಂಡುಗಳಿದ್ದವು. ಡಾಕ್ಟರಮ್ಮ ಹನಿ ಹನಿಯಾಗಿ ನೀರು ಹಾಕುತ್ತ, ಕಿಟಕಿಯ ಬೆಳಕಿಗೆ ಹಿಡಿದು, ರಕ್ತದ ಬಣ್ಣ ಆ ಗಾಜಿನ ಬಣ್ಣಕ್ಕೆ ಸರಿಯಾಗುವವರೆಗೆ ನೋಡಿದಳು. ರಕ್ತ ಗಟ್ಟಿಯಿದ್ದಷ್ಟೂ ಹೆಚ್ಚು ನೀರು ಹಿಡಿಯುತ್ತದೆ, ನೀರು ಎಷ್ಟನೆಯ ಗೆರೆ ಮುಟ್ಟಿತೋ ಅದೇ ಲೆಕ್ಕ.

“ಒಂಬತ್ತೂವರೆ,” ಎಂದಳು ಡಾಕ್ಟರಮ್ಮ. “ಡ್ರೈವರ್ ಸೀಟಿಗೆ ಹನ್ನೆರಡು ಬೇಕು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?”

“ಬರುತ್ತೆ. ಎಲ್ಲರಿಗೂ ಬರುತ್ತಲ್ಲ?”

“ಇಪ್ಪತ್ತೆರಡಕ್ಕೆ ಬರಬಾರದು. ನಿನ್ನ ಮೈಯಲ್ಲಿ ಕಬ್ಬಿಣ ಸಾಲದು. ಬೆಳಿಗ್ಗೆ ಏನ್ ತಿಂತೀಯ?”

“ಚಹಾದಲ್ಲಿ ಬ್ರೆಡ್ಡು.”

“ಮಧ್ಯಾಹ್ನ?”

“ಅನ್ನ, ಬೇಳೆ. ಆಮೇಲೆ ಚಹಾ.”

“ರಾತ್ರಿ?”

“ಅದೇ. ಆಮೇಲೆ ಚಹಾ.”

“ಮಧ್ಯದಲ್ಲಿ?”

“ಮಧ್ಯದಲ್ಲಿ ಬರೀ ಚಹಾ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. “ನೋಡು, ಇದೇನೂ ಬ್ರಹ್ಮವಿದ್ಯೆ ಅಲ್ಲ. ಸೊಪ್ಪು ಜಾಸ್ತಿ ತಗೋ. ಬೇಳೆ, ಕಡಲೆ, ಅಲಸಂದೆ ದಿನಾ ಇರಲಿ. ಮೊಟ್ಟೆ, ಮೀನು, ಮಾಂಸ ತಿನ್ನೋರಾದ್ರೆ ಇನ್ನೂ ಬೇಗ ಏರುತ್ತೆ. ತಿನ್ನೋವಾಗ ಮೇಲೆ ನಿಂಬೆಹಣ್ಣು ಹಿಂಡ್ಕೋ, ಹುಳಿ ಇದ್ರೆ ಕಬ್ಬಿಣ ಮೈಗೆ ಹತ್ತುತ್ತೆ. ಮಾತ್ರೆನೂ ಕೊಡ್ತೀನಿ. ಆದ್ರೆ ಊಟದ ಜೊತೆ, ಊಟದ ಹಿಂದೆ ಚಹಾ ಬೇಡ. ಒಂದು ಗಂಟೆಯಾದ್ರೂ ಬಿಡು. ಚಹಾ ಹೊಟ್ಟೆಯಲ್ಲೇ ಕಬ್ಬಿಣದ ಕೈ ಹಿಡ್ಕೊಂಡು ಕೂತ್ಬಿಡುತ್ತೆ, ಒಳಗೆ ಹೋಗೋಕೆ ಬಿಡಲ್ಲ. ತರಬೇತಿ ಶುರುವಾಗೋಕೆ ಮೂರು ತಿಂಗಳಿದೆ. ಅಷ್ಟರಲ್ಲಿ ಹನ್ನೆರಡು ಆದ್ರೆ ನೀನು ಬಸ್ಸಲ್ಲಿ, ಇಲ್ದಿದ್ರೆ ಬಸ್ ಸ್ಟಾಪಲ್ಲಿ.”

ಸಂಜೆ ಮನೆಯಲ್ಲಿ ಸಭೆ ಸೇರಿತು. ಅಜ್ಜಿ, ಅಮ್ಮ, ಅಪ್ಪ, ನಡುವೆ ಜಗ್ಗು. ಕಡ್ಡಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದಳು. ಮೊದಲು ತಿನ್ನುವುದರ ವಿಷಯ ಹೇಳುವುದು, ಆಮೇಲೆ ಮೆಲ್ಲಗೆ ಚಹಾದ ವಿಷಯ ಎತ್ತುವುದು ಎಂದು.

“ರಕ್ತ ಒಂಬತ್ತೂವರೆ ಇದೆಯಂತೆ. ಹನ್ನೆರಡು ಆಗಬೇಕಂತೆ,” ಎಂದಳು. “ಸೊಪ್ಪು ಜಾಸ್ತಿ ತಗೋ ಅಂದ್ರು ಡಾಕ್ಟರಮ್ಮ.”

ಅಪ್ಪ ಎದ್ದೇ ನಿಂತ. “ಸೊಪ್ಪು ಜಾಸ್ತಿ ಅಂದ್ರಾ? ಡಾಕ್ಟ್ರೇ ಅಂದ್ರಾ?” ಅವನ ಮುಖ ಮೊರದಗಲವಾಯಿತು. “ಕೇಳಿಸ್ಕೋ ಅಮ್ಮ! ಕೇಳಿಸ್ಕೊಳ್ಳೇ! ಇಪ್ಪತ್ತು ವರ್ಷದಿಂದ ಬಡ್ಕೋತಾ ಇದ್ದೀನಿ, ಸೊಪ್ಪಲ್ಲಿ ಶಕ್ತಿ ಇದೆ ಅಂತ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಂಗೆ ಆಡ್ತಿದ್ರಿ ಎಲ್ಲರೂ. ಈಗ ಓದಿದೋರೇ ಹೇಳಿದ್ರು!”

ಅಮ್ಮನಿಗೆ ತಕ್ಷಣ ತಿಳಿಯಿತು, ಬಾಯಿ ತೆರೆದಳು. ಕಡ್ಡಿ ಅವಳ ತೊಡೆ ಚಿವುಟಿದಳು. ಯಾಕೆ ಚಿವುಟಿದಳೋ ಅವಳಿಗೇ ಗೊತ್ತಿರಲಿಲ್ಲ. ಅಪ್ಪನ ಮುಖದಲ್ಲಿ ಅಷ್ಟು ಸಂತೋಷವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಬದುಕಿನುದ್ದಕ್ಕೂ ‘ಬರೀ ಚಹಾ ಮಾರೋನು’ ಎನ್ನಿಸಿಕೊಂಡವನಿಗೆ, ಮಗಳಿಗೆ ಬೇಕಾದ ಔಷಧ ತನ್ನ ಡಬ್ಬದಲ್ಲೇ ಇದೆ ಎಂದು ಸರಕಾರಿ ಮುದ್ರೆ ಬಿದ್ದಂತಾಗಿತ್ತು. ಅದನ್ನು ಆ ಕ್ಷಣದಲ್ಲೇ ಕಿತ್ತುಕೊಳ್ಳುವುದು ಹೇಗೆ? ನಾಳೆ ಹೇಳೋಣ ಎಂದುಕೊಂಡಳು.

ಮರುದಿನ ಅಪ್ಪ ಎರಡು ಜಗ್ಗು ತಂದ. ಒಂದು ಮನೆಗೆ, ಇನ್ನೊಂದು ಸಣ್ಣದು, ಎರಡರಷ್ಟು ಸೊಪ್ಪು ಹಾಕಿ ಕುದಿಸಿದ ‘ಕಡ್ಡಿ ಸ್ಪೆಷಲ್’. ಲೋಟ ಖಾಲಿಯಾಗುವವರೆಗೆ ಎದುರಿಗೆ ನಿಂತು ನೋಡಿದ. ಕುಡಿದರೆ ಕೆಲಸ ಹೋಗುತ್ತದೆ, ಕುಡಿಯದಿದ್ದರೆ ಅಪ್ಪನ ಮುಖ ಹೋಗುತ್ತದೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತಾಯಿತು ಕಡ್ಡಿಗೆ. ಕುಡಿದಳು. ಮರುದಿನವೂ ಕುಡಿದಳು.

ಅಮ್ಮ ತನ್ನ ಕೈಲಾದದ್ದು ಮಾಡಿದಳು. ದಂಟು, ಪಾಲಕ್, ಮೆಂತ್ಯ ಒಂದಾದ ಮೇಲೊಂದು ಬೇಯಿಸಿದಳು. ಕಡಲೆ ನೆನೆಹಾಕಿದಳು, ವಾರಕ್ಕೆರಡು ಸಲ ಮೊಟ್ಟೆ, ಒಂದು ಸಲ ಮೀನು ತಂದಳು, ಎಲ್ಲದರ ಮೇಲೂ ನಿಂಬೆಹಣ್ಣು ಹಿಂಡಿದಳು. ಅಜ್ಜಿ ಎಳ್ಳಿಗೆ ಬೆಲ್ಲ ಹಾಕಿ ಕುಟ್ಟಿ ಉಂಡೆ ಕಟ್ಟಿ, ಹೋಗುತ್ತ ಬರುತ್ತ ಮೊಮ್ಮಗಳ ಬಾಯಿಗೆ ತುರುಕಿದಳು. ಇಷ್ಟೆಲ್ಲ ಒಳಗೆ ಹೋದ ಮೇಲೆ ಹಿಂದೆಯೇ ‘ಕಡ್ಡಿ ಸ್ಪೆಷಲ್’ ಹೋಗುತ್ತಿತ್ತು. ತೂತು ಕೊಡದಲ್ಲಿ ನೀರು ಹೊತ್ತಂತೆ.

“ಹೇಳೇ ಅವರಿಗೆ,” ಎಂದು ಅಮ್ಮ ದಿನಾ ಪಿಸುಗುಡುವಳು.

“ನೀನೇ ಹೇಳು.”

“ನಾನು ಹೇಳಿದ್ರೆ ಜಗಳ ಆಗುತ್ತೆ. ನೀನು ಹೇಳಿದ್ರೆ ಬರೀ ಬೇಜಾರಾಗುತ್ತೆ.”

ಆ ಬರೀ ಬೇಜಾರೇ ಕಡ್ಡಿಗೆ ಕಬ್ಬಿಣದ ಕಡಲೆಯಾಗಿತ್ತು.

ಆರು ವಾರದ ನಂತರ ಡಾಕ್ಟರಮ್ಮ ಕೊಳವೆಯನ್ನು ಕಿಟಕಿಗೆ ಹಿಡಿದು, ಇಳಿಸಿ, ಮತ್ತೆ ಹಿಡಿದು ನೋಡಿದಳು. ಒಂಬತ್ತೂವರೆ. ಒಂದು ಗೆರೆಯೂ ಅಲುಗಿರಲಿಲ್ಲ. “ಸೊಪ್ಪು ತಿಂದ್ಯಾ?” ಎಂದು ಕೇಳಿದಳು. ಕಡ್ಡಿ ಅಳುತ್ತ ಸೊಪ್ಪಿನ ಕಥೆಯನ್ನೆಲ್ಲ ಹೇಳಿದಳು. ಡಾಕ್ಟರಮ್ಮ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕ್ಯಾಲೆಂಡರ್ ನೋಡಿದಳು, ನಗು ನಿಂತಿತು. “ಇನ್ನು ಆರೇ ವಾರ ಇರೋದು. ನಿಮ್ಮಪ್ಪಂಗೆ ನೀನು ಹೇಳ್ತೀಯೋ, ನಾನು ಬಂದು ಹೇಳ್ಲೋ?”

ಕಡ್ಡಿ ನೇರ ಅಂಗಡಿಗೆ ಹೋದಳು. ಮಧ್ಯಾಹ್ನದ ಗದ್ದಲ ಮುಗಿದಿತ್ತು. ಅಪ್ಪ ಲೋಟ ತೊಳೆಯುತ್ತಿದ್ದ. ಅವಳು ನಿಂತಲ್ಲೇ, ಉಸಿರು ಬಿಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ತಿನ್ನುವ ಸೊಪ್ಪು, ಕುಡಿಯುವ ಸೊಪ್ಪು, ಒಂದು ಗಂಟೆ, ಒಂಬತ್ತೂವರೆ, ಎಲ್ಲ.

ಅಪ್ಪ ಬಹಳ ಹೊತ್ತು ಒಂದೇ ಲೋಟವನ್ನು ತೊಳೆದ.

“ಅಂದ್ರೆ ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು,” ಎಂದ ಕೊನೆಗೆ.

“ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಅಪ್ಪ.”

“ಬೇಜಾರಾಗಿದ್ರೆ ಒಂದು ದಿನ ಆಗ್ತಿತ್ತು. ನನ್ನ ಬೇಜಾರು ಏನು ಅಷ್ಟು ದುಬಾರಿನಾ, ಆರು ವಾರ ಕೊಟ್ಟು ಉಳಿಸ್ಕೊಳ್ಳೋಕೆ?” ತೊಳೆದ ಲೋಟವನ್ನು ಬೋರಲು ಹಾಕಿದ. “ತೆಳು ಚಹಾನ ಗಟ್ಟಿ ಅಂತ ನಾನು ಯಾರಿಗಾದ್ರೂ ಕೊಟ್ಟಿದ್ದೀನಾ? ನೀನ್ಯಾಕೆ ನನಗೆ ಹಂಗೆ ಮಾಡಿದೆ?”

ಕಡ್ಡಿ ಉಳಿದ ಲೋಟಗಳನ್ನು ತೊಳೆಯಲು ಕೂತಳು.

ಮರುದಿನ ಅಪ್ಪ ಕೆಟಲು ಹಿಡಿದು ಡಿಪೋದ ಕ್ಲಿನಿಕ್ಕಿಗೆ ಹೋದ. ಜಗಳ ಆಡಲೆಂದೇ ಹೋದದ್ದು. ಅಲ್ಲಿ ನಡೆದದ್ದನ್ನು ಡಾಕ್ಟರಮ್ಮ ಆಮೇಲೆ ಕಡ್ಡಿಗೆ ಹೇಳಿದಳು. ಅಪ್ಪ ಒಂದು ಲೋಟ ಬಗ್ಗಿಸಿ ಮುಂದಿಟ್ಟು, “ಇದರಲ್ಲಿ ಏನು ವಿಷ ಇದೆ ತೋರಿಸಿ” ಎಂದನಂತೆ. ಡಾಕ್ಟರಮ್ಮ ಗಡಿಯಾರ ನೋಡಿ, “ನಂದು ಊಟ ಆಗಿ ಎರಡು ಗಂಟೆ ಆಯ್ತು, ಕೊಡಿ” ಎಂದು ಪೂರ್ತಿ ಕುಡಿದು, ಇಂಥ ಚಹಾ ಕುಡಿದೇ ಇಲ್ಲ ಎಂದು ಇನ್ನೊಂದು ಲೋಟ ಕೇಳಿದಳಂತೆ. ಅಲ್ಲಿಗೆ ಜಗಳದ ಬೆನ್ನು ಮುರಿಯಿತು. ಆಮೇಲೆ ಅಪ್ಪ ಅರ್ಧ ದಿನ ಅಲ್ಲೇ ಕೂತು, ಬಂದವರ ರಕ್ತವೆಲ್ಲ ಕೊಳವೆಯಲ್ಲಿ ಕಂದಾಗುವುದನ್ನು ಬಾಯಿ ಬಿಟ್ಟುಕೊಂಡು ನೋಡಿದನಂತೆ. “ಇದೂ ಚಹಾನೇ ಬಿಡಿ” ಎಂದನಂತೆ. ಎರಡು ಸಲ, “ಡಾಕ್ಟ್ರೇ, ಇನ್ನೂ ಒಂದು ಹನಿ ಹಿಡಿಯುತ್ತೆ” ಎಂದು ತಿದ್ದಿದನಂತೆ. ಎರಡು ಸಲವೂ ಅವನು ಹೇಳಿದ್ದೇ ಸರಿಯಾಗಿತ್ತು.

ಅಂದಿನಿಂದ ಮನೆಯ ಕ್ರಮ ಬದಲಾಯಿತು. ಊಟ ಮುಗಿದ ಮೇಲೆ ಜಗ್ಗು ಟವೆಲಿನೊಳಗೆ ಹಾಗೇ ಕೂರುತ್ತಿತ್ತು. ಅಪ್ಪ ಗೋಡೆ ಗಡಿಯಾರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಮುಳ್ಳು ಕಾಯುತ್ತಿದ್ದ. ಮೊದಲ ದಿನ ನಾಲ್ವರೂ ಗಡಿಯಾರ ನೋಡುತ್ತ ಸುಮ್ಮನೆ ಕೂತಿದ್ದರು, ರೈಲು ತಪ್ಪಿದವರ ಹಾಗೆ. ಅಷ್ಟು ವರ್ಷ ಆ ಮನೆಯಲ್ಲಿ ಉಂಡು, ಕುಡಿದು, ಮಲಗುವುದೇ ಆಗಿತ್ತು. ಉಂಡ ಮೇಲೆ ಒಂದು ಗಂಟೆ ಖಾಲಿ ಸಿಕ್ಕರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ದಿನ ಅಜ್ಜಿ, ಅಪ್ಪ ಚಿಕ್ಕವನಾಗಿದ್ದಾಗ ಮಸಿ ಕುಡಿದ ಕಥೆ ತೆಗೆದಳು. ಮೂರನೆಯ ದಿನ ಅಪ್ಪ, ತಾನು ಅಮ್ಮನನ್ನು ಮೊದಲು ನೋಡಿದ್ದು ಕಾರ್ಖಾನೆಯ ಗೇಟಿನಲ್ಲಿ, ಅವಳು ತನ್ನ ಚಹಾ ಉಗಿದಾಗ ಎಂದು ಹೇಳಿದ. ಅಮ್ಮ, “ಸೆರಗಿಗೆ ಚೆಲ್ಲಿದ್ದು, ಉಗಿದಿದ್ದಲ್ಲ” ಎಂದು ಕೆಂಪಾದಳು. ಮಗಳಿಗೆ ಇಪ್ಪತ್ತೆರಡಾಗಿತ್ತು, ಅದೇ ಮೊದಲ ಸಲ ಕೇಳಿದ್ದು.

ಈಗ ಬಾಲ್ಕನಿಯಲ್ಲಿ ಕೂತು ಅವಳು ಇದನ್ನೆಲ್ಲ ನೆನೆಯುತ್ತಾಳೆ. ಅಪ್ಪನ ಬಗ್ಗೆ ಅವಳಿಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಒಂದೊಂದು ಗಂಟೆಯಲ್ಲಿ ತಿಳಿದದ್ದು. ರಕ್ತ ಕಡಿಮೆಯಾಗದೇ ಇದ್ದಿದ್ದರೆ ಅದೆಲ್ಲ ಕೇಳದೆಯೇ ಹೋಗುತ್ತಿತ್ತಲ್ಲ ಎಂದು ಹೆದರಿಕೆಯಾಗುತ್ತದೆ.

ಅಪ್ಪ ಅಷ್ಟಕ್ಕೇ ನಿಲ್ಲಲಿಲ್ಲ. ಮಗಳಿಗೊಂದು ನ್ಯಾಯ, ಊರವರಿಗೊಂದು ನ್ಯಾಯವೇ? ಹೊಲಿಗೆಯ ಹೆಂಗಸರೂ ಮೆಟ್ಟಿಲು ಹತ್ತಿ ಏದುಸಿರು ಬಿಡುವವರೇ. ಅವನು ಬೆಂಚಿಗೆ ಬಂದ ಪ್ರತಿಯೊಬ್ಬಳನ್ನೂ, “ಊಟ ಆಯ್ತಾ?” ಎಂದು ಕೇಳತೊಡಗಿದ. ‘ಆಯ್ತು’ ಎಂದರೆ, “ಹಂಗಾದ್ರೆ ಚಹಾ ಇಲ್ಲ, ಒಂದು ಗಂಟೆ ಬಿಟ್ಟು ಬಾ.” ಇದರಲ್ಲಿ ಒಂದು ತೊಡಕಿತ್ತು. ‘ಊಟ ಆಯ್ತಾ’ ಎಂದು ಕೇಳಿದರೆ ನಮ್ಮವರ ಬಾಯಿಂದ ‘ಆಯ್ತು’ ಎಂದಲ್ಲದೆ ಬೇರೆ ಬರುವುದುಂಟೇ? ಹೊಟ್ಟೆ ಹಸಿದು ಕರುಳು ಕಿತ್ತು ಬರುತ್ತಿದ್ದರೂ ‘ಆಯ್ತು, ನಿಮ್ದು?’ ಎನ್ನುವ ಜನ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಬಂದವಳೂ ‘ಆಯ್ತು’ ಎಂದಳು, ಚಹಾ ಸಿಗಲಿಲ್ಲ. ಸಾಮಾನು ಇಳಿಸಲು ಬಂದ ಲಾರಿಯವನೂ ‘ಆಯ್ತು’ ಎಂದ, ಸಿಗಲಿಲ್ಲ. ಕಾರ್ಖಾನೆಯ ಮೇಲ್ವಿಚಾರಕಿ ‘ಆಯ್ತು, ನಿಮ್ದಾಯ್ತಾ?’ ಎಂದು ಕೈ ಚಾಚಿ, ಖಾಲಿ ಕೈಯಲ್ಲಿ ನಿಂತಳು.

“ಅಲ್ರೀ, ಮಾತಿಗೆ ಅಂದ್ರೆ ಪ್ರಾಣಕ್ಕೆ ಹಿಡ್ಕೋತೀರಲ್ಲ!” ಎಂದು ಆಕೆ ಕೂಗಾಡಿದಳು.

“ನಾನು ಮಾತಿಗೆ ಕೇಳಿದ್ದಲ್ಲ. ನಿಜವಾಗ್ಲೂ ಕೇಳಿದ್ದು,” ಎಂದ ಅಪ್ಪ.

“ಮನೆಗೆ ಮಾರಿ, ಊರಿಗೆ ಉಪಕಾರಿ,” ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಒಂದು ವಾರ ಬೆಂಚು ಬಣಗುಟ್ಟಿತು. ಆಮೇಲೆ ಹೆಂಗಸರೇ ನಗುತ್ತ ಹೊಂದಿಕೊಂಡರು. ಮಧ್ಯಾಹ್ನ ಅಪ್ಪನ ಹತ್ತಿರ ನಿಂಬೆಯ ನೀರು ಕುಡಿದು, ಮೂರೂವರೆಯ ವಿರಾಮದಲ್ಲಿ ಚಹಾಕ್ಕೆ ಬರುವುದು ರೂಢಿಯಾಯಿತು. ‘ಊಟ ಆಯ್ತಾ’ ಎಂದರೆ ಯೋಚನೆ ಮಾಡಿ ಉತ್ತರ ಹೇಳುವ ಜನ ಇಡೀ ಊರಿನಲ್ಲಿ ಆ ಬೆಂಚಿನ ಮೇಲೆ ಮಾತ್ರ ಇದ್ದರು.

ಮೂರು ತಿಂಗಳ ಗಡುವಿನ ದಿನ ಕಡ್ಡಿಯ ಜೊತೆ ಅಪ್ಪನೂ ಕ್ಲಿನಿಕ್ಕಿಗೆ ಬಂದ. ಕಡ್ಡಿಗೆ ತನ್ನಲ್ಲಿ ಆದ ಬದಲಾವಣೆ ಗೊತ್ತಾಗುತ್ತಿತ್ತು. ಮೆಟ್ಟಿಲು ಎರಡೆರಡು ಹಾರಿ ಹತ್ತುತ್ತಿದ್ದಳು, ಉಗುರಿನ ಬಿಳುಪು ಹೋಗಿತ್ತು. ಉಳಿದ ಏಳು ಹುಡುಗಿಯರು ಆಗಲೇ ಖಾಕಿ ಬಟ್ಟೆಯ ಅಳತೆ ಕೊಟ್ಟಿದ್ದರು. ತರಬೇತಿ ಸೋಮವಾರ ಶುರು.

ಡಾಕ್ಟರಮ್ಮ ಹನಿ ಹಾಕುತ್ತ ಹೋದಳು. ಹತ್ತು ದಾಟಿತು. ಹನ್ನೊಂದು ದಾಟಿತು. ಹನ್ನೆರಡಕ್ಕೆ ಕೂದಲೆಳೆಯಷ್ಟು ಕೆಳಗೆ ಅವಳ ಕೈ ನಿಂತಿತು. ಕೊಳವೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿದಳು. ಅವಳ ಕಣ್ಣಿಗೂ ನಿಶ್ಚಯವಿರಲಿಲ್ಲ. ಅಥವಾ ನಿಶ್ಚಯವಿದ್ದೂ ಮನಸ್ಸು ಬರಲಿಲ್ಲವೋ ಏನೋ, ಅವಳು ಅಪ್ಪನ ಕಡೆ ತಿರುಗಿದಳು.

“ನೀವೇ ನೋಡಿ. ಬಣ್ಣದಲ್ಲಿ ನಿಮ್ಮ ಕಣ್ಣು ನನ್ನದಕ್ಕಿಂತ ವಾಸಿ. ಇನ್ನೂ ಒಂದು ಹನಿ ಹಿಡಿಯುತ್ತೆ ಅಂದ್ರೆ ಹಾಕ್ತೀನಿ. ಹಾಕಿದ್ರೆ ಹನ್ನೆರಡು. ನೀವು ಹೇಳಿದ್ದನ್ನೇ ಬರೀತೀನಿ.”

ಕಡ್ಡಿಗೆ ಎದೆಯ ಮೇಲಿನ ಭಾರ ಇಳಿಯಿತು. ಗೆದ್ದೆ ಎಂದುಕೊಂಡಳು. ಒಂದು ಹನಿ ನೀರು. ಯಾವ ಅಪ್ಪ ಬೇಡ ಅನ್ನುತ್ತಾನೆ?

ಅಪ್ಪ ಕೊಳವೆಯನ್ನು ಕಿಟಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿದ. ಅವನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಮಗಳ ಕಡೆ ಒಮ್ಮೆಯೂ ನೋಡಲಿಲ್ಲ.

“ಇಲ್ಲ ಡಾಕ್ಟ್ರೇ,” ಎಂದ. “ಬಣ್ಣ ಆಗಲೇ ಸರಿಹೋಗಿದೆ. ಇದರ ಮೇಲೆ ಬಿದ್ರೆ ಬರೀ ನೀರು.”

“ಅಪ್ಪಾ!”

“ಹನ್ನೊಂದು ಪಾಯಿಂಟ್ ಎಂಟು,” ಎಂದು ಡಾಕ್ಟರಮ್ಮ ಮೆಲ್ಲಗೆ ಬರೆದಳು. “ಎರಡು ತಿಂಗಳು ಬಿಟ್ಟು ಇನ್ನೊಂದು ತಂಡ ತಗೋತಾರೆ. ಅದಕ್ಕೆ ನಾನೇ ಶಿಫಾರಸು ಮಾಡ್ತೀನಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ಬೇರೆ ಯಾರೋ ತಟ್ಟಿ ಹಾಕಿದ್ದಲ್ಲ. ರಸ್ತೆಗೆ ಬಂದ ಮೇಲೆ ಕಡ್ಡಿ ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಕಿರುಚಿದಳು. “ಒಂದು ಹನಿ! ಒಂದು ಹನಿಗೆ ನಿನ್ನ ಗಂಟು ಏನು ಹೋಗ್ತಿತ್ತು?”

“ನಿನ್ನ ಹಿಂದೆ ಅರವತ್ತು ಜನ ಕೂತಿರ್ತಾರೆ,” ಎಂದ ಅಪ್ಪ. “ನಿಂಗೆ ತಲೆ ತಿರುಗಿದ್ರೆ ನಾನು ಆ ಹನಿನ ವಾಪಸ್ ತೆಗಿಯೋಕಾಗುತ್ತಾ?”

ಅವಳು ಮಾತು ಬಿಟ್ಟಳು. ಎರಡು ತಿಂಗಳು ಬಿಟ್ಟಳು. ಆದರೆ ಊಟ ಬಿಡಲಿಲ್ಲ. ಸಿಟ್ಟಿನಲ್ಲೇ ದಂಟು ಅಗಿದಳು, ಸಿಟ್ಟಿನ ಮೇಲೆಯೇ ನಿಂಬೆಹಣ್ಣು ಹಿಂಡಿದಳು, ಕಡಲೆಯನ್ನು ಯಾರದೋ ಮೂಳೆ ಕಡಿಯುವಂತೆ ಕಡಿದಳು. ಊಟದ ನಂತರದ ಒಂದು ಗಂಟೆ ಎಲ್ಲರೂ ಕೂರುತ್ತಿದ್ದರು, ಅವಳೂ ಕೂರುತ್ತಿದ್ದಳು, ಗೋಡೆಗೆ ಮುಖ ಮಾಡಿ. ಅಪ್ಪ ಕಥೆಗಳನ್ನು ಅಜ್ಜಿಗೆ ಹೇಳುವ ನೆಪದಲ್ಲಿ ಅವಳ ಬೆನ್ನಿಗೆ ಹೇಳುತ್ತಿದ್ದ. ಗಂಟೆಯಾದ ಮೇಲೆ ಮೊದಲ ಲೋಟವನ್ನು ಅವಳ ಪಕ್ಕ ಇಡುತ್ತಿದ್ದ. ಹೇಗಿದೆ ಎಂದು ಕೇಳುತ್ತಿರಲಿಲ್ಲ. ಅವಳು ಕುಡಿದು ಲೋಟ ಕುಕ್ಕುತ್ತಿದ್ದಳು.

ಎರಡನೆಯ ತಂಡದ ಪರೀಕ್ಷೆಗೆ ಅವಳು ಅಪ್ಪನನ್ನು ಕರೆಯಲಿಲ್ಲ. ಡಾಕ್ಟರಮ್ಮ ಹನ್ನೆರಡು ದಾಟಿದ ಮೇಲೂ ಹನಿ ಹಾಕುತ್ತಲೇ ಹೋಗಿ ಹನ್ನೆರಡೂವರೆಗೆ ನಿಂತಳು. ಯಾರ ಕಣ್ಣೂ ಬೇಕಾಗಲಿಲ್ಲ.

ಚೀಟಿ ಹಿಡಿದು ಹೊರಬಂದಾಗ ಮಧ್ಯಾಹ್ನ. ಕಾಲುಗಳು ಅವಳನ್ನು ಕೇಳದೆಯೇ ಕಾರ್ಖಾನೆಯ ಗೇಟಿಗೆ ಕರೆದುಕೊಂಡು ಹೋದವು. ಹೆಂಗಸರು ಗೋಡೆಯ ನೆರಳಲ್ಲಿ ಉಣ್ಣುತ್ತಿದ್ದರು. ಅಪ್ಪ ನಿಂಬೆಹಣ್ಣು ಕೊಯ್ಯುತ್ತಿದ್ದ. ಅವಳು ಚೀಟಿಯನ್ನು ಹಲಗೆಯ ಮೇಲೆ ಇಟ್ಟಳು. ಅಪ್ಪನಿಗೆ ಅಕ್ಷರ ತಡವಾಗಿ ಹತ್ತುತ್ತದೆ, ಅಂಕಿ ಬೇಗ ಹತ್ತುತ್ತದೆ. ಅಂಕಿ ನೋಡಿದವನು ಕೈ ಒರೆಸಿಕೊಂಡು, ಚೀಟಿಯನ್ನು ಮಡಚಿ ಅವಳ ಕೈಗೇ ಕೊಟ್ಟ.

“ಇನ್ನೂ ಸಿಟ್ಟಿದೆಯೇನೇ ನನ್ನ ಮೇಲೆ?”

ಎರಡು ತಿಂಗಳ ಮೇಲೆ ಅವಳು ಬಾಯಿ ಬಿಟ್ಟಳು. “ಇದೆ. ನಿನ್ನ ಮುಖ ನೋಡಿದ್ರೆ ರಕ್ತ ಕುದಿಯುತ್ತೆ.”

“ಕುದೀಲಿ,” ಎಂದ ಅಪ್ಪ. ಅವನ ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲೂ ಇಲ್ಲ. “ಕುದಿಯೋಷ್ಟು ರಕ್ತ ಬಂತಲ್ಲ, ಅಷ್ಟು ಸಾಕು ನಂಗೆ.”